ಅಪ್ಪನ ಜಾವಾ ಯಾರದು?

ಹೋದ ಮಳೆಗಾಲದಲ್ಲಿ ಒಂದು ಸಂಜೆ ಭದ್ರಾವತಿಯಿಂದ ನನ್ನ ಚಿಕ್ಕಮ್ಮನ ಫೋನು ಬಂತು. "ಒಂದು ಸಲ ಬಂದು ಹೋಗಪ್ಪ, ಇವರಿಬ್ಬರೂ ಮಾತು ಬಿಟ್ಟಿದ್ದಾರೆ" ಎಂದರು. ಇವರಿಬ್ಬರು ಎಂದರೆ ಅವರ ಇಬ್ಬರು ಗಂಡುಮಕ್ಕಳು. ಚಿಕ್ಕಪ್ಪ ತೀರಿಕೊಂಡು ಎರಡು ವರ್ಷ ಆಗಿತ್ತು. ಮನೆ ಪಾಲಿನ ವಿಷಯವೇ ಇರಬೇಕು ಎಂದುಕೊಂಡು ಮರುದಿನ ಶಿವಮೊಗ್ಗದಲ್ಲಿ ಬಸ್ಸು ಹತ್ತಿದೆ. ಹೋಗಿ ನೋಡಿದರೆ ಜಗಳ ಮನೆಗೂ ಅಲ್ಲ, ಸೈಟಿಗೂ ಅಲ್ಲ. ಹಿತ್ತಲಿನ ಶೆಡ್ಡಿನಲ್ಲಿ ಗೋಣಿತಾಟು ಹೊದಿಸಿ ನಿಲ್ಲಿಸಿದ್ದ ಚಿಕ್ಕಪ್ಪನ ಜಾವಾ ಮೋಟಾರ್ ಸೈಕಲ್ಲಿಗೆ.

1971ರ ಗಾಡಿ ಅದು. ಬೆಂಗಳೂರಿನಿಂದ ಯಾರೋ ಬಂದು ನೋಡಿ ಒಂದು ಲಕ್ಷ ಅರವತ್ತು ಸಾವಿರಕ್ಕೆ ಕೇಳಿದ್ದರು. ದೊಡ್ಡ ಮಗ ಮಾಚೇನಹಳ್ಳಿಯ ಒಂದು ಎರಕದ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾನೆ. ಅವನ ಮಗಳಿಗೆ ನರ್ಸಿಂಗ್ ಕಾಲೇಜಿನ ಫೀಸು ಕಟ್ಟಬೇಕಿತ್ತು. ಮಾರೋಣ ಎಂದ. ಚಿಕ್ಕವನು ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವವನು. ಫೋನಿನಲ್ಲೇ "ಅಪ್ಪನನ್ನೇ ಮಾರುತ್ತೀಯಾ?" ಎಂದು ಕೂಗಾಡಿದನಂತೆ. ಅಲ್ಲಿಗೆ ಮಾತು ನಿಂತಿತ್ತು.

ತಗಡು, ಕಬ್ಬಿಣ, ರಬ್ಬರುಗಳ ಒಂದು ಗಾಡಿಯನ್ನು "ಅಪ್ಪ" ಎನ್ನಬಹುದೇ? ಅನ್ನುವವನು ತಂದೆಯನ್ನು ಪ್ರೀತಿಸುತ್ತಿದ್ದಾನೋ, ಗಾಡಿಯನ್ನೋ, ಇಲ್ಲ ಆ ಗಾಡಿಯ ಮೇಲೆ ಕುಳಿತ ತನ್ನನ್ನೇ ಪ್ರೀತಿಸುತ್ತಿದ್ದಾನೋ? ಅಂದು ಬಸ್ಸಿನಲ್ಲಿ ಹಿಂತಿರುಗುವಾಗ ಮನಸ್ಸಿಗೆ ಹತ್ತಿಕೊಂಡ ಈ ಪ್ರಶ್ನೆ ಇನ್ನೂ ಬಿಟ್ಟಿಲ್ಲ. ಇಂಥ ಜಗಳ ಒಂದೇ ಮನೆಯದಲ್ಲ ಎಂಬುದರಿಂದ ಇಲ್ಲಿ ಬರೆಯುತ್ತಿದ್ದೇನೆ. ಕೆಲವರ ಮನೆಯಲ್ಲಿ ಅದು ಹಳೆಯ ಅಂಬಾಸಿಡರ್ ಕಾರು, ಕೆಲವರಲ್ಲಿ ಅಜ್ಜಿಯ ಹೊಲಿಗೆ ಯಂತ್ರ, ಇಲ್ಲವೇ ವಾಲ್ವ್ ರೇಡಿಯೋ. ಆದರೆ ಮೋಟಾರು ಇರುವ ವಸ್ತುವಿನ ಮೋಹವೇ ಬೇರೆ, ಅದರ ಶಬ್ದವೇ ಮನುಷ್ಯನನ್ನು ಹಿಡಿದುಬಿಡುತ್ತದೆ.

ಕಿರಿಯ ಓದುಗರಿಗಾಗಿ ಈ ಗಾಡಿಯ ಬಗ್ಗೆ ನಾಲ್ಕು ಮಾತು ಹೇಳಬೇಕು. ಜಾವಾ ಮೂಲತಃ ಚೆಕೊಸ್ಲೊವಾಕಿಯಾ ದೇಶದ್ದು. ಯಾನೆಚೆಕ್ ಎಂಬ ಉದ್ಯಮಿ 1929ರಲ್ಲಿ ವಾಂಡರರ್ ಎಂಬ ಜರ್ಮನ್ ಕಂಪನಿಯ ಮೋಟಾರ್ ಸೈಕಲ್ ವಿನ್ಯಾಸ ಕೊಂಡು, ಎರಡು ಹೆಸರುಗಳ ಮೊದಲ ಅಕ್ಷರಗಳನ್ನು ಕೂಡಿಸಿ ಇಟ್ಟ ಹೆಸರು ಅದು. 1961ರಿಂದ ನಮ್ಮ ಮೈಸೂರಿನ ಯಾದವಗಿರಿಯಲ್ಲೇ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾಗತೊಡಗಿತು. ಇರಾನಿ ಎಂಬ ಪಾರ್ಸಿ ಮನೆತನದವರು ಮೈಸೂರು ಮಹಾರಾಜರ ಪ್ರೋತ್ಸಾಹದಿಂದ ಕಟ್ಟಿದ ಕಾರ್ಖಾನೆ. 1970ರ ದಶಕದಲ್ಲಿ ಹೆಸರು ಯೆಜ್ಡಿ ಎಂದಾಯಿತು. 1978ರಲ್ಲಿ ರೋಡ್‌ಕಿಂಗ್ ಬಂತು. 250 ಸಿ.ಸಿ.ಯ ಒಂದೇ ಸಿಲಿಂಡರು, ಆದರೆ ಎರಡು ಸೈಲೆನ್ಸರು. ಗೇರು ಹಾಕುವ ಕಾಲಿನ ಪೆಡಲನ್ನೇ ತಿರುಗಿಸಿದರೆ ಅದೇ ಕಿಕ್ಕರ್. ಸ್ಪೀಡೋಮೀಟರು ಹೆಡ್‌ಲೈಟಿನ ತಲೆಯ ಮೇಲೆ. ಪೆಟ್ರೋಲಿಗೆ ಲೀಟರಿಗೆ ಮೂವತ್ತು ನಲವತ್ತು ಮಿಲಿಲೀಟರಿನಷ್ಟು ಎಣ್ಣೆ ಬೆರೆಸಿಯೇ ಹಾಕಬೇಕು. ಬಂಕಿನ ಹುಡುಗ ಅಳತೆಯ ಡಬ್ಬಿಯಲ್ಲಿ ಎಣ್ಣೆ ಸುರಿದು, ಗಾಡಿಯನ್ನು ಅತ್ತಿತ್ತ ಅಲ್ಲಾಡಿಸುತ್ತಿದ್ದದ್ದು ನಮ್ಮ ತಲೆಮಾರಿನವರಿಗೆ ನೆನಪಿರುತ್ತದೆ. 1996ರಲ್ಲಿ ಕಾರ್ಖಾನೆ ಮುಚ್ಚಿತು.

ಚಿಕ್ಕಪ್ಪ ಅದನ್ನು ಕೊಂಡಾಗ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಫಿಟ್ಟರ್. ಸ್ಕೂಟರಿಗೆ ಹೆಸರು ಬರೆಸಿ ಜನ ವರ್ಷಗಟ್ಟಲೆ ಕಾಯುತ್ತಿದ್ದ ಕಾಲ. ಕಾರ್ಖಾನೆಯ ಸೈಕಲ್ ಸ್ಟ್ಯಾಂಡಿನ ಸಾಲಿನಲ್ಲಿ ಆ ಕೆಂಪು ಟ್ಯಾಂಕು, ಅದರ ಪಕ್ಕದ ಕ್ರೋಮಿನ ಹೊಳಪು ದೂರದಿಂದಲೇ ಕಾಣುತ್ತಿತ್ತು. ನಾನಾಗ ಹುಡುಗ. ಒಂದು ರಜೆಯಲ್ಲಿ ಅವರ ಹಿಂದೆ ಕುಳಿತು ಲಕ್ಕವಳ್ಳಿ ಅಣೆಕಟ್ಟಿಗೆ ಹೋಗಿದ್ದೆ. ದಾರಿಯುದ್ದಕ್ಕೂ ಆ ಶಬ್ದ ನನ್ನ ಎದೆಯೊಳಗೇ ಬರುತ್ತಿದೆಯೇನೋ ಅನ್ನಿಸಿತ್ತು. ಈ ವಯಸ್ಸಿನಲ್ಲೂ ಬೀದಿಯಲ್ಲಿ ಎಲ್ಲಾದರೂ ಒಂದು ಹಳೆಯ ಜಾವಾ ಹೋದರೆ ತಿರುಗಿ ನೋಡುತ್ತೇನೆ. ಆದ್ದರಿಂದ ಮೋಹವನ್ನು ಹಳಿಯುವ ಅರ್ಹತೆ ನನಗೇನೂ ಇಲ್ಲ.

ಈ ಮೋಹ ನಮ್ಮೂರಿಗೆ ಮಾತ್ರ ಸೇರಿದ್ದಲ್ಲ. ಅಮೆರಿಕದವರಿಗೆ 'ಮಸಲ್ ಕಾರ್' ಎಂಬ ಹುಚ್ಚು ಇದೆ. ತೋಳ್ಬಲದ ಕಾರು ಎನ್ನೋಣ. ಸಾಧಾರಣ ಮನೆಬಳಕೆಯ ಕಾರಿನ ಹೊಟ್ಟೆಗೆ ದೈತ್ಯ ಎಂಜಿನ್ನು ತುರುಕಿ, ಮಧ್ಯಮ ವರ್ಗದ ಹುಡುಗರಿಗೂ ಕೈಗೆಟುಕುವ ಬೆಲೆಗೆ ಮಾರುತ್ತಿದ್ದರು. 1964ರ ಪಾಂಟಿಯಾಕ್ ಜಿ.ಟಿ.ಓ. ಇವುಗಳಿಗೆ ಹಾದಿ ಹಾಕಿದ್ದೆಂದು ಹೇಳುತ್ತಾರೆ. ಅದರ ಎಂಜಿನ್ನು 6.4 ಲೀಟರಿನದು, ನಮ್ಮ ಜಾವಾದ್ದು ಕಾಲು ಲೀಟರು! ಆ ಗಾತ್ರದ ಕಾರಿಗೆ ಅಷ್ಟು ದೊಡ್ಡ ಎಂಜಿನ್ನು ಹಾಕಬಾರದೆಂದು ಅವರ ಕಂಪನಿಯಲ್ಲೇ ನಿಯಮವಿತ್ತು. ಬೇಕಾದವರು ಕೇಳಿ ಹಾಕಿಸಿಕೊಳ್ಳುವ ಹೆಚ್ಚುವರಿ ಜೋಡಣೆ ಎಂದು ಕಾಗದದಲ್ಲಿ ತೋರಿಸಿ ನಿಯಮವನ್ನು ದಾಟಿದರು. ಮನೆಯಲ್ಲಿ ಮಕ್ಕಳು ಮಾಡುವ ಉಪಾಯವೇ. ಫೋರ್ಡ್ ಮಸ್ಟಾಂಗ್ ಕೂಡ ಅದೇ ವರ್ಷ ಏಪ್ರಿಲಿನಲ್ಲಿ ಬಂತು. ರಾತ್ರಿ ಹೊತ್ತು ಡೆಟ್ರಾಯಿಟಿನ ವುಡ್‌ವರ್ಡ್ ರಸ್ತೆಯಲ್ಲಿ ಒಂದು ಸಿಗ್ನಲ್ಲಿನಿಂದ ಇನ್ನೊಂದು ಸಿಗ್ನಲ್ಲಿಗೆ ಪಂದ್ಯ ಕಟ್ಟಿ ಓಡಿಸುತ್ತಿದ್ದರು. ಹತ್ತು ವರ್ಷದೊಳಗೆ ಆಟ ಮುಗಿಯಿತು. ವಿಮೆಯ ಕಂತು ಏರಿತು, 1970ರ ಶುದ್ಧ ಗಾಳಿಯ ಕಾಯಿದೆ ಬಂತು, 1973ರಲ್ಲಿ ಅರಬ್ ದೇಶಗಳು ಎಣ್ಣೆ ನಿಲ್ಲಿಸಿದವು.

ಆದರೆ ಪ್ರೀತಿ ಮುಗಿಯಲಿಲ್ಲ. 1971ರ ಒಂದು ಪ್ಲಿಮತ್ ಹೆಮಿ ಕುಡಾ ಕಾರು 2014ರಲ್ಲಿ ಹರಾಜಿನಲ್ಲಿ 35 ಲಕ್ಷ ಡಾಲರಿಗೆ ಹೋಯಿತು. ಚಿಕ್ಕಪ್ಪ ಜಾವಾ ಕೊಂಡ ವರ್ಷವೇ ಹುಟ್ಟಿದ ಕಾರು! ಅದೇ 2014ರಲ್ಲಿ ಇಂಥ ಕಾರುಗಳ ತವರಾದ ಡೆಟ್ರಾಯಿಟ್ ನಗರ ಯಾವ ಸ್ಥಿತಿಯಲ್ಲಿತ್ತು ಗೊತ್ತೇ? ಹಿಂದಿನ ವರ್ಷ ಜುಲೈಯಲ್ಲಿ ಸಾಲ ತೀರಿಸಲಾರೆನೆಂದು ನ್ಯಾಯಾಲಯಕ್ಕೆ ಹೋಗಿ ದಿವಾಳಿಯಾಗಿತ್ತು. 1950ರಲ್ಲಿ ಹದಿನೆಂಟೂವರೆ ಲಕ್ಷ ಜನರಿದ್ದ ಊರಿನಲ್ಲಿ 2010ರ ಹೊತ್ತಿಗೆ ಉಳಿದವರು ಏಳು ಲಕ್ಷ ಚಿಲ್ಲರೆ. ಆ ಊರಿನ ಮಡಿಲಲ್ಲೇ ಇದ್ದ ಡಾಜ್ ಕಾರ್ಖಾನೆ 1980ರಲ್ಲೇ ಮುಚ್ಚಿತ್ತು. ವುಡ್‌ವರ್ಡ್ ರಸ್ತೆಯಲ್ಲಿ ಮಾತ್ರ 1995ರಿಂದ ಆಗಸ್ಟ್ ತಿಂಗಳಲ್ಲಿ ಹಳೆಯ ಕಾರುಗಳ ಮೆರವಣಿಗೆ ನಡೆಯುತ್ತದೆ. ನೋಡಲು ಲಕ್ಷಗಟ್ಟಲೆ ಜನ ಸೇರುತ್ತಾರೆ.

ಇದನ್ನು ಓದಿದಾಗ ನನಗೆ ನೆನಪಾದದ್ದು ಭದ್ರಾವತಿ. ಅಲ್ಲಿಯವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಇದ್ದಿಲು, ಭದ್ರೆಯ ನೀರು ಇವನ್ನೇ ನಂಬಿ 1923ರಲ್ಲಿ ಅಲ್ಲಿ ಕಬ್ಬಿಣ ಕರಗತೊಡಗಿತು. ಮುಂದೆ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರನ್ನೇ ಕಾರ್ಖಾನೆಗೆ ಇಟ್ಟರು. 1930ರ ದಶಕದಲ್ಲಿ ಕಾಗದದ ಕಾರ್ಖಾನೆ ಬಂತು. ಸೈರನ್ನಿಗೆ ಇಡೀ ಊರು ಎದ್ದು ಮಲಗುತ್ತಿತ್ತು. ಕಾಗದದ ಕಾರ್ಖಾನೆಯ ಯಂತ್ರಗಳು ನಿಂತು ಈಗ ವರ್ಷಗಳೇ ಆದವು. ಕಬ್ಬಿಣದ ಕಾರ್ಖಾನೆಯನ್ನೂ ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿದ್ದಾಗ ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ಧರಣಿ ಕುಳಿತರು. ಅದೇ ಆಗಸ್ಟಿನಲ್ಲಿ ಒಂದು ಭಾಗದಲ್ಲಿ ಮತ್ತೆ ಕೆಲಸ ಶುರುವಾಯಿತು.

ಇಲ್ಲಿ ನನಗೊಂದು ವಿಚಿತ್ರ ಕಾಣುತ್ತದೆ. ಯಂತ್ರ ಮುದಿಯಾದಷ್ಟೂ ಅದರ ಬೆಲೆ ಏರುತ್ತದೆ. ಅದನ್ನು ಮಾಡಿದ ಕೈಗಳು ಮುದಿಯಾದರೆ ಯಾರೂ ಕೇಳುವುದಿಲ್ಲ. ಮೈಸೂರಿನಲ್ಲಿ ಗಾಡಿ ಜೋಡಿಸಿದವರು, ಟ್ಯಾಂಕಿನ ಮೇಲೆ ಗೆರೆ ಎಳೆದವರು 1996ರ ನಂತರ ಏನಾದರು ಎಂದು ಲಕ್ಷ ರೂಪಾಯಿ ಕೊಟ್ಟು ಗಾಡಿ ಕೊಳ್ಳುವವರಲ್ಲಿ ಎಷ್ಟು ಜನ ವಿಚಾರಿಸುತ್ತಾರೆ? ವಸ್ತುವನ್ನು ಪ್ರೀತಿಸುವುದು ತಪ್ಪೆಂದು ನಾನು ಹೇಳುತ್ತಿಲ್ಲ. ವಸ್ತುವಿನ ಹಿಂದಿರುವ ಮನುಷ್ಯ ಕಾಣದಂತೆ ಆ ಪ್ರೀತಿ ಕಣ್ಣಿಗೆ ಅಡ್ಡ ಬಂದರೆ ಅದರಲ್ಲೇನೋ ಐಬಿದೆ ಅಷ್ಟೆ. ಪರ್ವತ ಪ್ರಸಂಗದಲ್ಲಿ ತುಕ್ಕಿನ ಮಾತು ಬರುವುದು ನಮಗೆಲ್ಲ ಗೊತ್ತಿದೆ. ಮಲೆನಾಡಿನ ಮಳೆಯಲ್ಲಿ ಕಬ್ಬಿಣ ಎಷ್ಟು ಬೇಗ ತುಕ್ಕು ಹಿಡಿಯುತ್ತದೆಂದು ಬಲ್ಲ ಭದ್ರಾವತಿಯವರಿಗೆ ಆ ಮಾತು ಉಳಿದವರಿಗಿಂತ ಚೆನ್ನಾಗಿ ಅರ್ಥವಾಗಬೇಕು. ಆದರೆ ತುಕ್ಕು ಹಿಡಿಯುವ ವಸ್ತುವನ್ನು ಉಜ್ಜಿ, ಎಣ್ಣೆ ಹಚ್ಚಿ ಐವತ್ತು ವರ್ಷ ಕಾಪಾಡುವುದರಲ್ಲೂ ಒಂದು ಒಳ್ಳೆಯತನ ಇಲ್ಲವೇ? ಕೆಟ್ಟದ್ದನ್ನು ಎಸೆದು ಹೊಸದು ತರುವ ಈ ಕಾಲದಲ್ಲಿ, ರಿಪೇರಿ ಮಾಡುವುದು ಚಿಕ್ಕ ಗುಣವೇನಲ್ಲ.

ಹಳೆಯ ಗಾಡಿಯ ಸೆಳೆತಕ್ಕೆ ದೊಡ್ಡ ಕಾರಣ ಇದೇ ಇರಬೇಕು. ಅದು ತನ್ನ ಹೊಟ್ಟೆಯನ್ನು ಬಿಚ್ಚಿ ತೋರಿಸುತ್ತದೆ. ಪಾಯಿಂಟ್ ಸೆಟ್ಟಿನ ಸಂದು ಸರಿಮಾಡಲು, ಕಾರ್ಬುರೇಟರ್ ತೊಳೆಯಲು, ಸೈಲೆನ್ಸರಿನಲ್ಲಿ ಕಟ್ಟಿದ ಮಸಿ ಸುಟ್ಟು ತೆಗೆಯಲು ಮನೆಯಲ್ಲಿರುವ ನಾಲ್ಕು ಸ್ಪ್ಯಾನರು ಸಾಕು. ಭಾನುವಾರ ಪೂಜೆ ಮುಗಿಸಿ ಬಂದು, ಪಂಚೆ ಎತ್ತಿ ಕಟ್ಟಿ ಚಿಕ್ಕಪ್ಪ ಮಾಡುತ್ತಿದ್ದದ್ದು ಅದನ್ನೇ. ಮಕ್ಕಳಿಬ್ಬರೂ ಪಕ್ಕದಲ್ಲಿ ಕುಳಿತು ನಟ್ಟು ಬೋಲ್ಟುಗಳನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದರು. ಈಗಿನ ಗಾಡಿ ಕೆಟ್ಟರೆ ಶೋರೂಮಿನವನು ಕಂಪ್ಯೂಟರಿನ ವೈರು ಚುಚ್ಚಿ ನೋಡುತ್ತಾನೆ. ನಾವು ಗಾಜಿನ ಆಚೆ ಕುರ್ಚಿಯಲ್ಲಿ ಕುಳಿತು ಕಾಫಿ ಕುಡಿಯುತ್ತೇವೆ. 2018ರಲ್ಲಿ ಹೊಸ ಕಂಪನಿಯೊಂದು ಜಾವಾ ಹೆಸರನ್ನು, 2022ರಲ್ಲಿ ಯೆಜ್ಡಿ ಹೆಸರನ್ನು ಮತ್ತೆ ಮಾರುಕಟ್ಟೆಗೆ ತಂದಿತು. ಜಾವಾಕ್ಕೆ ಹಳೆಯ ರೂಪ, ಹಳೆಯಂತೆ ಎರಡು ಸೈಲೆನ್ಸರು, ಒಳಗೆ ಮಾತ್ರ ಹೊಗೆ ಕಡಿಮೆ ಬಿಡುವ ಹೊಸ ಎಂಜಿನ್ನು. ಒಳ್ಳೆಯದೇ. ಆದರೆ ಅಪ್ಪನ ಜೊತೆ ಕುಳಿತು ನಟ್ಟು ತೊಳೆದ ಭಾನುವಾರವನ್ನು ಯಾವ ಕಂಪನಿಯೂ ಮಾರಲಾರದು. ಚಿಕ್ಕವನು ಕೂಗಾಡಿದ್ದು ಆ ಭಾನುವಾರಕ್ಕಾಗಿ ಎಂದು ನನಗೆ ತಿಳಿಯದೇ ಇಲ್ಲ.

ಇನ್ನೊಂದು ಮುಖವನ್ನೂ ಹೇಳದಿದ್ದರೆ ಪ್ರಾಮಾಣಿಕತೆ ಆಗದು. ಟೂ ಸ್ಟ್ರೋಕ್ ಎಂಜಿನ್ನು ತಾನು ಕುಡಿದ ಪೆಟ್ರೋಲಿನಲ್ಲಿ ಒಂದು ಪಾಲನ್ನು ಸುಡದೆಯೇ ಹೊರಗೆ ಉಗುಳುತ್ತದೆ, ಅದರ ಜೊತೆಗೆ ಎಣ್ಣೆಯ ನೀಲಿ ಹೊಗೆ. ಆ ಹೊಗೆಯ ವಾಸನೆ ನಮಗೆ ಸವಿನೆನಪಾಗಿರಬಹುದು, ಪಕ್ಕದ ಮನೆಯ ಉಬ್ಬಸದ ಮುದುಕರಿಗೆ ಅದು ಬರಿ ಹೊಗೆ. ಐವತ್ತು ವರ್ಷ ದಾಟಿದ ಗಾಡಿಗಳನ್ನು ಪಾರಂಪರಿಕ ವಾಹನವೆಂದು ನೋಂದಾಯಿಸಲು 2021ರಲ್ಲಿ ಕೇಂದ್ರ ಸರ್ಕಾರ ನಿಯಮ ತಂದಿತು. ಹಾಗೆ ನೋಂದಾಯಿಸಿದ ಗಾಡಿಯನ್ನು ದಿನಬಳಕೆಗೆ ಓಡಿಸುವಂತಿಲ್ಲ. ಕೆಲವರಿಗೆ ಇದು ಅನ್ಯಾಯವೆನಿಸುತ್ತದೆ. ನನಗೆ ಹಾಗೆನಿಸುವುದಿಲ್ಲ. ನನ್ನ ನೆನಪಿನ ಖರ್ಚನ್ನು ನೆರೆಯವನ ಶ್ವಾಸಕೋಶದಿಂದ ವಸೂಲಿ ಮಾಡುವ ಹಕ್ಕು ನನಗೆಲ್ಲಿದೆ?

ಈ ವಿಷಯದಲ್ಲಿ ಚಿಕ್ಕಪ್ಪನೇ ನಮಗಿಂತ ಮೇಲು. ಬೆಳಗಿನ ಪಾಳಿಗೆ ಆರು ಗಂಟೆಗೆ ಗೇಟಿನಲ್ಲಿರಬೇಕು. ಐದೂವರೆಗೆ ಎದ್ದು ಹೊರಡುವಾಗ ಅವರು ಗಾಡಿಯನ್ನು ಮನೆಯ ಮುಂದೆ ಎಂದೂ ಸ್ಟಾರ್ಟ್ ಮಾಡುತ್ತಿರಲಿಲ್ಲ. ಕ್ವಾರ್ಟರ್ಸಿನ ಸಾಲು ಮುಗಿಯುವ ತನಕ ತಳ್ಳಿಕೊಂಡೇ ಹೋಗುತ್ತಿದ್ದರು. ಆಮೇಲೆ ದೂರದಲ್ಲಿ ಒಂದು ಕಿಕ್ ಶಬ್ದ. "ಪಕ್ಕದ ಮನೆಯಲ್ಲಿ ಹಸುಗೂಸು ಇದೆ" ಎನ್ನುತ್ತಿದ್ದರು. ಆ ಕೂಸು ದೊಡ್ಡದಾಗಿ ಶಾಲೆಗೆ ಹೋಗತೊಡಗಿದರೂ ತಳ್ಳುವುದು ನಿಲ್ಲಲಿಲ್ಲ. ಬಲವಿರುವ ಗಾಡಿಯನ್ನು ಹೊಂದಿದವನು ಅದನ್ನು ಸುಮ್ಮನೆ ತಳ್ಳಿಕೊಂಡು ಹೋಗುವ ದೃಶ್ಯ, ನನಗೆ ಲಕ್ಕವಳ್ಳಿ ಪ್ರವಾಸಕ್ಕಿಂತ ಈಗ ಹೆಚ್ಚು ನೆನಪಾಗುತ್ತದೆ. ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ ಯೆಜ್ಡಿ ದಿನವೆಂದು ಊರೂರಿನಲ್ಲಿ ಗುಂಪಾಗಿ ಗಾಡಿ ಓಡಿಸುತ್ತಾರೆ. ನೋಡಲು ಚೆಂದ. ಆದರೆ ದೇವಾಲಯದ ಮುಂದೆ, ಆಸ್ಪತ್ರೆಯ ಮುಂದೆ ಕೆಲವು ಹುಡುಗರು ಬೇಕೆಂದೇ ಎಂಜಿನ್ನು ಮೊರೆಸುವುದನ್ನು ಕಂಡರೆ, ಇವರಿಗೆ ಗಾಡಿ ಕೊಟ್ಟ ಅಪ್ಪಂದಿರು ತಳ್ಳುವುದನ್ನು ಕಲಿಸಲಿಲ್ಲವಲ್ಲ ಅನ್ನಿಸುತ್ತದೆ.

ಮತ್ತೆ ಮನೆಯ ಜಗಳಕ್ಕೆ ಬರೋಣ. ಅಂದು ಊಟವಾದ ಮೇಲೆ ಇಬ್ಬರನ್ನೂ ಎದುರು ಕೂರಿಸಿಕೊಂಡೆ. ಚಿಕ್ಕವನು ರಜೆ ಹಾಕಿ ಬಂದಿದ್ದ. ದೊಡ್ಡವನು ಹೇಳಿದ್ದು ಒಂದೇ ಮಾತು: "ಅಣ್ಣ, ಅಪ್ಪ ಇದ್ದಿದ್ದರೆ ಮೊಮ್ಮಗಳ ಫೀಸಿಗೆ ಮಾರುತ್ತಿದ್ದರೋ ಇಲ್ಲವೋ, ನೀವೇ ಹೇಳಿ." ಚಿಕ್ಕವನು ಅದಕ್ಕೆ ಉತ್ತರ ಕೊಡಲಿಲ್ಲ. ಬದಲಿಗೆ ಗಾಡಿಯನ್ನು ಹೇಗೆ ಮತ್ತೆ ಹೊಸದರಂತೆ ಮಾಡಿಸಬೇಕು, ಕ್ರೋಮ್ ಎಲ್ಲಿ ಮಾಡುತ್ತಾರೆ, ಮೂಲ ಬಿಡಿಭಾಗ ಎಲ್ಲಿ ಸಿಗುತ್ತವೆ ಎಂದೆಲ್ಲ ಹೇಳಿದ. ಎಂಬತ್ತು ತೊಂಬತ್ತು ಸಾವಿರ ಖರ್ಚಾಗಬಹುದಂತೆ. ದೊಡ್ಡವನು ತಲೆ ತಗ್ಗಿಸಿ ಕುಳಿತ. ಒಬ್ಬನಿಗೆ ಗಾಡಿಯ ಬಣ್ಣಕ್ಕೆ ಇರುವ ಹಣ ಇನ್ನೊಬ್ಬನಿಗೆ ಮಗಳ ಓದಿಗೆ ಇಲ್ಲ, ಮತ್ತು ಪ್ರೀತಿ ಯಾರಿಗೆ ಹೆಚ್ಚು ಎಂಬ ಚರ್ಚೆ ಬೇರೆ! ನಾನು ಸ್ವಲ್ಪ ಕಟುವಾಗಿಯೇ ಹೇಳಿದೆ: "ಮಾರಬಾರದು ಅನ್ನುವವನು ಬೆಲೆ ಕೊಟ್ಟು ತೆಗೆದುಕೊಳ್ಳಲಿ. ಬೆಂಗಳೂರಿನವನು ಕೇಳಿದ ಬೆಲೆಯಲ್ಲಿ ಅಣ್ಣನ ಪಾಲು, ಅಮ್ಮನ ಪಾಲು ನೀನೇ ಕೊಡು." ಅವನ ಮುಖ ಸಪ್ಪಗಾಯಿತು. ಅಪ್ಪನ ನೆನಪಿಗೆ ತಾನು ಬೆಲೆ ಕಟ್ಟಬೇಕಾಗಬಹುದು ಎಂದು ಅವನು ಅಲ್ಲಿಯವರೆಗೆ ಯೋಚಿಸಿರಲಿಲ್ಲವೆಂದು ಕಾಣುತ್ತದೆ.

ಆಗ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಚಿಕ್ಕಮ್ಮ ಮೆಲ್ಲಗೆ ಹೇಳಿದರು. "ಅಪ್ಪಂದು ಅಪ್ಪಂದು ಅಂತೀರಿ. ಅದು ನನ್ನ ಬಳೆ ಕಣೋ."

ಯಾರಿಗೂ ಅರ್ಥವಾಗಲಿಲ್ಲ. ಅವರೇ ಹೇಳಿದರು. 1971ರಲ್ಲಿ ಸಾಲದ ಹಣ ಸಾಲದೆ, ತವರಿನವರು ಮದುವೆಗೆ ಹಾಕಿದ್ದ ನಾಲ್ಕು ಬಳೆಯನ್ನು ಅಡವಿಟ್ಟು ಚಿಕ್ಕಪ್ಪ ಗಾಡಿ ತಂದಿದ್ದರು. ಬಿಡಿಸಿಕೊಡುತ್ತೇನೆ ಎಂದಿದ್ದರು. ಎರಡನ್ನು ಬಿಡಿಸಿದರು. ಇನ್ನೆರಡು ಬಡ್ಡಿಗೆ ಹೋದವು. "ಬೇಜಾರಿಲ್ಲ, ಆಸ್ಪತ್ರೆಗೆ ನಿಮ್ಮನ್ನು ಹೆರಲು ಹೋಗಿದ್ದೂ ಅದರ ಮೇಲೇನೇ" ಎಂದು ನಕ್ಕರು. ಐವತ್ತು ವರ್ಷ ಆ ಗಾಡಿಯ ಕಥೆಯನ್ನು ನಾವೆಲ್ಲ ಹೇಳಿದ್ದೇವೆ, ಕೇಳಿದ್ದೇವೆ. ಅದರಲ್ಲಿ ಎಂಜಿನ್ನು ಇತ್ತು, ವೇಗ ಇತ್ತು, ಆಗುಂಬೆಯ ಘಾಟಿ ಇತ್ತು. ಬಳೆ ಇರಲಿಲ್ಲ.

ಕೊನೆಗೆ ಚಿಕ್ಕವನೇ ಗಾಡಿಯನ್ನು ಇಟ್ಟುಕೊಂಡ. ಮೊದಲ ಕಂತಾಗಿ ಅಣ್ಣನಿಗೆ ಐವತ್ತು ಸಾವಿರ ಕೊಟ್ಟ, ಫೀಸು ಕಟ್ಟಿಯಾಯಿತು. ಉಳಿದದ್ದನ್ನು ತಿಂಗಳಿಗಿಷ್ಟು ಎಂದು ಕಳುಹಿಸುತ್ತಿದ್ದಾನೆ. ಬಣ್ಣ, ಕ್ರೋಮುಗಳ ಮಾತು ಸದ್ಯಕ್ಕೆ ಹಿಂದೆ ಬಿದ್ದಿದೆ. ಅಣ್ಣ ತಮ್ಮ ಮಾತಾಡುತ್ತಾರೆ, ಮೊದಲಿನಷ್ಟಲ್ಲ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಜಾಗವಿಲ್ಲದೆ ಜಾವಾ ಈಗಲೂ ಭದ್ರಾವತಿಯ ಶೆಡ್ಡಿನಲ್ಲೇ ಇದೆ. ಮಳೆ ಹಿಡಿದ ದಿನಗಳಲ್ಲಿ ಚಿಕ್ಕಮ್ಮ ಅದರ ಹ್ಯಾಂಡಲಿನ ಮೇಲೆ ಒದ್ದೆ ಟವೆಲು ಹರವುತ್ತಾರೆ.

ಬಳೆಯ ವಿಷಯವನ್ನು ಮಾತ್ರ ಆಮೇಲೆ ಯಾರೂ ಎತ್ತಿಲ್ಲ. ಬರುವ ತಿಂಗಳು ಹೋದಾಗ ನಾನೇ ಎತ್ತಬೇಕೆಂದುಕೊಂಡಿದ್ದೇನೆ.